ಅಟ್ಟದಲ್ಲಿ ಹಳೆ ತೋಟೆ ಸಿಕ್ಕಿದರೆ

ಕಾರ್ಕಳ, ಹೆಬ್ರಿ ಕಡೆ ಹಳೆ ಹಂಚಿನ ಮನೆ ಬಿಚ್ಚಿಸುವುದು ನನ್ನ ಕೆಲಸ. ಇಲ್ಲಿನ ತೋಟದ ಮನೆಗಳಲ್ಲಿ ಹಂದಿ, ಮಂಗ ಓಡಿಸಲು ಲೈಸೆನ್ಸ್ ಕೋವಿ ಇಟ್ಟುಕೊಂಡವರು ಜಾಸ್ತಿ. ಅಜ್ಜ ಹೋದರು, ಕೋವಿಯೂ ಹೋಯಿತು. ತೋಟೆ, ಅಂದರೆ ಕೋವಿಗೆ ತುಂಬುವ ಕಾಡತೂಸು, ಮಾತ್ರ ಅಟ್ಟದ ಯಾವುದೋ ಡಬ್ಬಿಯಲ್ಲಿ ಉಳಿದಿರುತ್ತದೆ.

ಸಿಕ್ಕಿದರೆ ಮುಟ್ಟಬೇಡಿ. ಇದ್ದಲ್ಲೇ ಇರಲಿ, ಒಂದು ಫೋಟೋ ತೆಗೆಯಿರಿ. ಮಕ್ಕಳು ಹೋಗದ ಹಾಗೆ ಕೋಣೆಗೆ ಬೀಗ ಹಾಕಿ. ಹತ್ತಿರ ಬೀಡಿ, ಬೆಂಕಿ ಬೇಡ.

"ಇಷ್ಟು ಮಳೆಗಾಲ ಕಂಡದ್ದಲ್ವಾ ಅಣ್ಣಾ, ಚಂಡಿಯಾಗಿ ಸತ್ತಿರುತ್ತದೆ. ಹಿತ್ತಾಳೆ ಗುಜರಿಗೆ ಹಾಕುವಾ" ಎಂದು ಕೆಲಸದ ಹುಡುಗರು ಹೇಳುತ್ತಾರೆ. ಇದನ್ನು ನಂಬಲೇಬಾರದು. ನಮ್ಮ ಕರಾವಳಿಯ ತೇವಕ್ಕೆ ಹಿತ್ತಾಳೆ ಕಿಲುಬು ಹಿಡಿಯುತ್ತದೆ, ಹಳೆ ಕಾಗದದ ತೋಟೆ ಉಬ್ಬುತ್ತದೆ, ನಿಜ. ಆದರೆ ಒಳಗಿನ ಮದ್ದು ಒಣಗಿದರೆ ಮತ್ತೆ ಉರಿಯಬಹುದು. ಹಿಂಭಾಗದ ಕೇಪು ಇರುವುದೇ ಪೆಟ್ಟು ಬಿದ್ದಾಗ ಸಿಡಿಯಲಿಕ್ಕೆ. ಗುಜರಿಯವನ ಸುತ್ತಿಗೆಗೆ ಅದೇ ಸಿಕ್ಕಿದರೆ? ಕೇಪಿನ ಮೇಲೆ ಕುಟ್ಟಿದ ಗುರುತು ಇದ್ದರೂ, ಹಾರಿಸಿ ಆದದ್ದು ಎಂಬ ಧೈರ್ಯ ಬೇಡ. ಅದು ಹಾರದೆ ಉಳಿದ ಈಡೂ ಆಗಿರಬಹುದು.

ಬಚ್ಚಲೊಲೆಗೆ, ತರಗೆಲೆ ಸುಡುವ ಬೆಂಕಿಗೆ ಎಸೆಯುವುದಂತೂ ಬೇಡವೇ ಬೇಡ. ನಳಿಗೆಯ ಹೊರಗೆ ಸಿಡಿದಾಗ ಚಿಪ್ಪೇ ಚೂರಾಗಿ ಹಾರುತ್ತದೆ. ಕಣ್ಣು ಹೋಗಲು ಅಷ್ಟು ಸಾಕು. ಬಿಚ್ಚಿ ಮದ್ದು ಸುರಿಯಬೇಡಿ. ಬಾವಿಗೆ, ಹೊಳೆಗೆ ಹಾಕಬೇಡಿ, ಒಳಗಿನ ಚರೆ (ಸಣ್ಣ ಗುಂಡುಗಳು) ಸೀಸದ್ದು. ಒಣಕಸಕ್ಕೂ ಬೇಡ. ಪಂಚಾಯತಿನ ಘಟಕದಲ್ಲಿ ಅದನ್ನು ಕೈಯಲ್ಲೇ ಬೇರ್ಪಡಿಸುವ ಹೆಂಗಸರಿದ್ದಾರೆ. ಅವರಿಗೂ ಮನೆ, ಮಕ್ಕಳು ಇಲ್ವಾ?

ಠಾಣೆಗೆ ಫೋನ್ ಮಾಡಿ. ನಂಬರ್ ಇಲ್ಲದಿದ್ದರೆ 112. ಎಲ್ಲಿ ಸಿಕ್ಕಿತು, ಸುಮಾರು ಎಷ್ಟಿದೆ, ಕೋವಿಯೂ ಇದೆಯೋ, ಇಷ್ಟು ಹೇಳಿ. ಅವರೇ ಬರುತ್ತಾರೋ, ನೀವು ತರಬೇಕೋ ಎಂದು ಕೇಳಿಕೊಳ್ಳಿ. ಕೇಳದೆ ಬ್ಯಾಗಿಗೆ ಹಾಕಿ ಬಸ್ಸು ಹತ್ತಬೇಡಿ. ಅಜ್ಜನ ಹಳೆ ಸೂಟ್‌ಕೇಸನ್ನು ಪರವೂರಿಗೆ ಒಯ್ಯುವವರು ಮೂಲೆ ಮೂಲೆ ನೋಡಿಕೊಳ್ಳಿ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಒಂದೇ ಒಂದು ತೋಟೆ ಕಂಡರೂ ಕೇಸು ಆಗಬಹುದು.

ಪೊಲೀಸರಿಗೆ ಹೇಳಿದರೆ ನಮ್ಮನ್ನೇ ಹಿಡಿಯುತ್ತಾರೆ ಎಂಬ ಹೆದರಿಕೆ ಎಲ್ಲರಿಗೂ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಸೆಕ್ಷನ್, ಇಟ್ಟುಕೊಳ್ಳುವ ಹಕ್ಕು ಮುಗಿದ ಆಯುಧ, ಮದ್ದುಗುಂಡುಗಳನ್ನು ತಡಮಾಡದೆ ಹತ್ತಿರದ ಠಾಣೆಗೆ ಒಪ್ಪಿಸಿ ಎಂದೇ ಹೇಳುತ್ತದೆ. ಲೈಸೆನ್ಸ್ ಇದ್ದವರು ತೀರಿಕೊಂಡರೆ ಮನೆಯವರಿಗೂ ಇದೇ ನಿಯಮ. ಮುಚ್ಚಿಟ್ಟರೇ ತೊಂದರೆ ಜಾಸ್ತಿ. ಅಜ್ಜನ ಲೈಸೆನ್ಸ್ ಪುಸ್ತಕ, ಮರಣ ಪ್ರಮಾಣಪತ್ರ ಇದ್ದರೆ ಜೊತೆಗಿಡಿ.

ಹಂದಿಗೆ ಇಡುವ ಸಿಡಿಮದ್ದಿನ ಉಂಡೆಯೋ, ಕಬ್ಬಿಣದ ಶೆಲ್ಲಿನಂಥದ್ದೋ ಕಂಡರೆ ಫೋಟೋ ಕೂಡ ಬೇಡ. ಎಲ್ಲರನ್ನೂ ಮನೆಯಿಂದ ದೂರ ಕರೆದುಕೊಂಡು ಹೋಗಿ 112ಕ್ಕೆ ಫೋನ್ ಮಾಡಿ. ಅದು ಬಾಂಬ್ ನಿಷ್ಕ್ರಿಯ ದಳದವರ ಕೆಲಸ.

ತೋಟೆ ಮುಟ್ಟಿ ಆಗಿದ್ದರೆ ಸೋಪು ಹಾಕಿ ಕೈ ತೊಳೆಯಿರಿ. ಒಪ್ಪಿಸಿದ ಮೇಲೆ ಎಷ್ಟು ಕೊಟ್ಟಿರಿ ಎಂದು ಬರೆದ, ಸೀಲು ಬಿದ್ದ ರಶೀದಿ ಕೇಳಿ ಪಡೆಯಿರಿ.