ಶಾಲಾ ಬಸ್ ಡ್ರೈವರ್ ಆಗಬೇಕೆ? ಮಂಗಳೂರು, ಉಡುಪಿ ಕಡೆಯವರಿಗೆ ಹೆವಿ ಲೈಸೆನ್ಸಿನ ದಾರಿ

ಡ್ರೈವಿಂಗ್ ಸ್ಕೂಲಿಗೆ ಹಣ ಕಟ್ಟುವ ಮೊದಲು, ಯಾವ ಗಾಡಿ ಓಡಿಸಬೇಕೆಂದಿದ್ದೀರೋ ಅದರ ಆರ್‌ಸಿ ಒಮ್ಮೆ ನೋಡಿ. ಅದರಲ್ಲಿ ಒಟ್ಟು ತೂಕ, ಅಂದರೆ ಜಿವಿಡಬ್ಲ್ಯು, 7,500 ಕೆ.ಜಿ. ಒಳಗಿದ್ದರೆ ಅದು ಎಲ್‌ಎಂವಿ, ಅಂದರೆ ಲಘು ವಾಹನ. ಅಂಥ ಟ್ರಾನ್ಸ್‌ಪೋರ್ಟ್ ಗಾಡಿ ಓಡಿಸಲು ಎಲ್‌ಎಂವಿ ಲೈಸೆನ್ಸೇ ಸಾಕು ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಶಾಲೆಗಳಿಗೆ ಓಡುವ ವ್ಯಾನ್, ಟೆಂಪೋ ಟ್ರಾವೆಲರ್‌ಗಳು ಸಾಮಾನ್ಯವಾಗಿ ಈ ಲೆಕ್ಕಕ್ಕೇ ಬರುತ್ತವೆ. ದೊಡ್ಡ ಹಳದಿ ಬಸ್ಸಿಗೆ ಮಾತ್ರ ಹೆವಿ ಬೇಕೇ ಬೇಕು. ಒಂದು ಮಾತು: ಬಿಳಿ ಬೋರ್ಡಿನ ಸ್ವಂತ ಓಮ್ನಿಯಲ್ಲಿ ಬಾಡಿಗೆಗೆ ಮಕ್ಕಳನ್ನು ಕೂರಿಸಿಕೊಂಡು ಹೋಗುವುದಕ್ಕೆ ಯಾವ ಲೈಸೆನ್ಸೂ ರಕ್ಷಣೆ ಕೊಡುವುದಿಲ್ಲ. ಅಲ್ಲಿರುವುದು ಪರ್ಮಿಟ್ಟಿನ ತಪ್ಪು. ಅಪಘಾತವಾದ ದಿನ ವಿಮೆಯವರು ಮೊದಲು ಕೇಳುವುದೂ ಅದನ್ನೇ.

ಹೆವಿ ಲೈಸೆನ್ಸಿಗೆ ವಯಸ್ಸು 20 ತುಂಬಿರಬೇಕು, ಎಲ್‌ಎಂವಿ ಡಿಎಲ್ ಕೈಗೆ ಬಂದು ಒಂದು ವರ್ಷ ಆಗಿರಬೇಕು. ವರ್ಷದ ಲೆಕ್ಕ ಹಿಡಿಯುವುದು ಡಿಎಲ್ ತಾರೀಖಿನಿಂದ, ಎಲ್‌ಎಲ್ (ಕಲಿಕಾ ಲೈಸೆನ್ಸ್) ತಾರೀಖಿನಿಂದ ಅಲ್ಲ. ಹಾಗಾಗಿ 18 ತುಂಬಿದ ಕೂಡಲೇ ಕಾರಿನ ಡಿಎಲ್ ಮಾಡಿಸಿಟ್ಟುಕೊಂಡವರಿಗೆ ಮುಂದೆ ಕಾಯುವ ಕೆಲಸ ಇಲ್ಲ. ಎಂಟನೇ ತರಗತಿ ಪಾಸಾಗಿರಬೇಕೆಂಬ ಷರತ್ತು 2019ರಲ್ಲಿ ಹೋಯಿತು. ಈಗಲೂ ಮಾರ್ಕ್ಸ್ ಕಾರ್ಡ್ ಕೇಳುವ ಏಜೆಂಟರಿದ್ದಾರೆ, ತಲೆ ಕೆಡಿಸಿಕೊಳ್ಳಬೇಡಿ.

ಅರ್ಜಿ ಹಾಕುವುದು ಲೈಸೆನ್ಸಿಗೆಂದೇ ಇರುವ ಸರ್ಕಾರಿ ವೆಬ್‌ಸೈಟ್ ಸಾರಥಿ ಪೋರ್ಟಲ್‌ನಲ್ಲಿ. ನಮೂನೆ 1ಎ ವೈದ್ಯಕೀಯ ಪ್ರಮಾಣಪತ್ರ ಬೇಕು. ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಓದಲು ಬರಬೇಕು (ಕನ್ನಡಕ ಹಾಕಿಕೊಂಡು ಓದಿದರೂ ಸರಿ), ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣಬೇಕು. ಕಣ್ಣಿನ ಪರೀಕ್ಷೆಯನ್ನು ಹಣ ಕಟ್ಟುವ ಮೊದಲೇ ಮಾಡಿಸಿಕೊಳ್ಳಿ. ಎಲ್‌ಎಲ್ ಅವಧಿ ಆರು ತಿಂಗಳು, 30 ದಿನ ಕಳೆಯದೆ ಟೆಸ್ಟಿಗೆ ಹೋಗುವಂತಿಲ್ಲ. ಟ್ರಾನ್ಸ್‌ಪೋರ್ಟ್ ವರ್ಗಕ್ಕೆ ಮಾನ್ಯತೆ ಪಡೆದ ಸ್ಕೂಲಿನ ನಮೂನೆ 5 ಸರ್ಟಿಫಿಕೇಟ್ ಕಡ್ಡಾಯ. ನಿಯಮದ ಪ್ರಕಾರ ಈ ತರಬೇತಿ ಕನಿಷ್ಠ 30 ದಿನದ್ದು, ಅದರಲ್ಲಿ ಸ್ಟಿಯರಿಂಗ್ ನಿಮ್ಮ ಕೈಯಲ್ಲೇ ಇರುವ ಸಮಯ ಕನಿಷ್ಠ 15 ಗಂಟೆ. ನಾಲ್ಕೈದು ಜನರನ್ನು ಒಟ್ಟಿಗೆ ಕೂರಿಸಿ ಒಬ್ಬೊಬ್ಬರಿಗೆ ಹತ್ತು ನಿಮಿಷ ಕೊಟ್ಟರೆ ಈ 15 ಗಂಟೆ ಎಂದೂ ಮುಗಿಯುವುದಿಲ್ಲ. ಸೇರುವ ದಿನವೇ ಇದನ್ನು ಬಾಯಿಬಿಟ್ಟು ಕೇಳಿ. ಮೂರು ಸಲ ಟೆಸ್ಟ್ ಫೇಲಾದರೆ ಮುಂದಿನದಕ್ಕೆ 60 ದಿನ ಕಾಯಬೇಕು.

ಕಾರು ಓಡಿಸಿ ಬಂದವರು ಬಸ್ಸಿನಲ್ಲಿ ಎಡವುವುದು ಹಿಂಭಾಗದ ವಿಷಯದಲ್ಲಿ. ತಿರುವಿನಲ್ಲಿ ಹಿಂದಿನ ಚಕ್ರ ಮುಂದಿನದರ ಜಾಡು ಹಿಡಿಯದೆ ಒಳಗಡೆಗೆ ಕತ್ತರಿಸಿಕೊಂಡು ಬರುತ್ತದೆ. ಕಂಕನಾಡಿ, ಬಿಜೈ ಕಡೆಯ ಒಳರಸ್ತೆಗಳಲ್ಲಿ ಎಡಕ್ಕೆ ಬೇಗ ತಿರುಗಿಸಿದರೆ ಕೆಂಪುಕಲ್ಲಿನ ಕಂಪೌಂಡಿನ ಮೂಲೆ ಹಿಂಚಕ್ರದ ಬಳಿ ಬಸ್ಸಿನ ಮೈಗೆ ಉಜ್ಜುವುದು ಇದೇ ಕಾರಣಕ್ಕೆ. ನೀವು ಕೂತ ಜಾಗ ಮೂಲೆ ದಾಟುವ ತನಕ ನೇರ ಹೋಗಿ, ಆಮೇಲೆ ತಿರುಗಿಸಿ, ಎಡ ಕನ್ನಡಿಯಲ್ಲಿ ಹಿಂಚಕ್ರವನ್ನೇ ನೋಡುತ್ತಿರಿ. ಇನ್ನೊಂದು ಅಪಾಯ ಇದಕ್ಕೆ ತಿರುವುಮುರುವು: ಹಿಂಚಕ್ರದಾಚೆ ಚಾಚಿಕೊಂಡ ಬಾಡಿ. ಇದು ವೀಲ್‌ಬೇಸಿನ (ಮುಂಚಕ್ರ, ಹಿಂಚಕ್ರಗಳ ನಡುವಿನ ದೂರದ) ಶೇ. 60ರಷ್ಟು ಇರಬಹುದು. ಅಂದರೆ ವೀಲ್‌ಬೇಸ್ 5 ಮೀಟರ್ ಇದ್ದರೆ 3 ಮೀಟರ್. ನೀವು ಬಲಕ್ಕೆ ಜೋರಾಗಿ ತಿರುಗಿಸಿದಾಗ ಈ ಭಾಗ ಎಡಕ್ಕೆ ಬೀಸುತ್ತದೆ. ಸ್ಟಾಪಿನಲ್ಲಿ ಬಸ್ಸಿಗೆ ತಾಗಿ ನಿಂತ ಬೈಕಿನವನಿಗೆ ಹೊಡೆಯುವುದು ಅದೇ. ಸ್ಟಾಪಿನಿಂದ ಹೊರಡುವಾಗ ಐದಾರು ಮೀಟರ್ ಹೆಚ್ಚುಕಡಿಮೆ ನೇರ ಹೋಗಿ ಆಮೇಲೆ ಬಲಕ್ಕೆ ಎಳೆಯಿರಿ.

ಬಸ್ಸಿನ ಬ್ರೇಕು ಏರ್ ಬ್ರೇಕ್, ಗಾಳಿಯ ಒತ್ತಡದಿಂದ ಹಿಡಿಯುವಂಥದ್ದು. ಬೆಳಿಗ್ಗೆ ಸ್ಟಾರ್ಟ್ ಮಾಡಿ ಗೇಜ್ ಏರಿ ಬಜರ್ ನಿಲ್ಲುವ ತನಕ ಗಾಡಿ ಕದಲಿಸಬೇಡಿ. ಗಾಳಿ ಟ್ಯಾಂಕಿನಲ್ಲಿ ಸೇರುವ ನೀರು ಬಿಟ್ಟು ಖಾಲಿ ಮಾಡುತ್ತಿರಿ, ನಮ್ಮ ಕರಾವಳಿಯ ತೇವದ ಗಾಳಿಗೆ ಅದು ಬೇಗ ತುಂಬುತ್ತದೆ. ಇಳಿಜಾರಿನಲ್ಲಿ ಪೆಡಲನ್ನು ಪದೇ ಪದೇ ತುಳಿದರೆ ಕಂಪ್ರೆಸರ್ ತುಂಬುವುದಕ್ಕಿಂತ ಬೇಗ ಗಾಳಿ ಖರ್ಚಾಗುತ್ತದೆ, ಡ್ರಮ್ ಕಾದು ಬ್ರೇಕ್ ಹಿಡಿಯುವುದೂ ಕಡಿಮೆಯಾಗುತ್ತದೆ. ಮಣಿಪಾಲದಿಂದ ಉಡುಪಿಗೆ ಇಳಿಯುವಾಗ ಮೇಲೆಯೇ ಗೇರ್ ಇಳಿಸಿಕೊಂಡು ಎಂಜಿನ್ ತಡೆಯಲ್ಲಿ ಬರುವುದನ್ನು ರೂಢಿ ಮಾಡಿಕೊಳ್ಳಿ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡುವ ಚಾಳಿ ಇದ್ದರೆ ಈ ಕೆಲಸಕ್ಕೆ ಬರಬೇಡಿ.

ಜೂನ್ ಮೊದಲ ಮಳೆಗಳಲ್ಲಿ ರಸ್ತೆಯ ಎಣ್ಣೆ ನೀರಿನೊಡನೆ ಸೇರಿ ಜಾರುತ್ತದೆ. ಮಳೆ ಹಿಡಿದ ಮೇಲೆ ಅಪಾಯ ಅಂಚಿನದ್ದು: ಎದುರಿನವನಿಗೆ ದಾರಿ ಬಿಡಲೆಂದು ಡಾಂಬರಿನಿಂದ ಕೆಳಗೆ ಎಡಚಕ್ರ ಇಳಿಸಿದರೆ ಕೆಂಪು ಮಣ್ಣು ಕುಸಿದು ಬಸ್ಸು ವಾಲುತ್ತದೆ. ಅಂಥಲ್ಲಿ ನಿಂತುಬಿಡಿ, ಎದುರಿನವನೇ ಹಿಂದೆ ಹೋಗಲಿ.

ಮಕ್ಕಳ ವಿಷಯದಲ್ಲಿ ಮೂರು ಅಭ್ಯಾಸ ಬೇಕು. ಇಳಿದ ಮಗು ಬಸ್ಸಿನ ಮುಂದಿನಿಂದಲೇ ರಸ್ತೆ ದಾಟಲು ನೋಡುತ್ತದೆ, ಬಂಪರಿಗೆ ಹತ್ತಿರ ಇದ್ದರೆ ನಿಮಗೆ ಅದರ ತಲೆಯೂ ಕಾಣದು. ಆಯಾ ಕೈ ಹಿಡಿದು ದಾಟಿಸಿ ಸನ್ನೆ ಮಾಡುವ ತನಕ ಗೇರ್ ಹಾಕಬೇಡಿ. ಬಾಗಿಲು ಮುಚ್ಚಿದ ಮೇಲೆ ಎಡ ಕನ್ನಡಿಯಲ್ಲಿ ಬಾಗಿಲಿನ ಸಂದು ನೋಡಿ: ಮಳೆಗಾಲದಲ್ಲಿ ರೈನ್‌ಕೋಟಿನ ತುದಿ, ಬ್ಯಾಗಿನ ಪಟ್ಟಿ ಅಲ್ಲಿ ಸಿಕ್ಕಿಕೊಂಡಿರುತ್ತದೆ. ಟ್ರಿಪ್ ಮುಗಿದ ಮೇಲೆ ಕೊನೆಯ ಸೀಟಿನ ತನಕ ನಡೆದು ಸೀಟಿನ ಕೆಳಗೂ ನೋಡಿ, ನಿದ್ದೆ ಹೋದ ಎಲ್‌ಕೆಜಿ ಮಗು ಕನ್ನಡಿಯಲ್ಲಿ ಕಾಣುವುದಿಲ್ಲ.

ಹೆವಿ ಸಿಕ್ಕಿದ ಮರುದಿನವೇ ಶಾಲಾ ಬಸ್ಸು ಸಿಗುವುದಿಲ್ಲ. ದೆಹಲಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1997ರಲ್ಲಿ ಕೊಟ್ಟ ನಿರ್ದೇಶನದಲ್ಲಿ ಐದು ವರ್ಷ ಹೆವಿ ಅನುಭವ ಬೇಕೆಂದಿದೆ. ಅತಿವೇಗಕ್ಕೋ ಅಪಾಯಕಾರಿ ಚಾಲನೆಗೋ ಒಂದೇ ಒಂದು ಕೇಸಿದ್ದರೂ, ಸಿಗ್ನಲ್, ಲೇನ್ ಉಲ್ಲಂಘನೆಗೆ ವರ್ಷದಲ್ಲಿ ಎರಡಕ್ಕಿಂತ ಹೆಚ್ಚು ಕೇಸಿದ್ದರೂ ಕೆಲಸ ಕೊಡಬಾರದು ಎಂದೂ ಇದೆ. ಶಾಲಾ ಬಸ್ಸಿಗೆ ಸ್ಪೀಡ್ ಗವರ್ನರ್ (ವೇಗ ಮಿತಿಮೀರದಂತೆ ತಡೆಯುವ ಸಾಧನ) ಇರುವುದು ಗಂಟೆಗೆ 40 ಕಿ.ಮೀ.ಗೆ. ಅನುಭವಕ್ಕೆಂದು ನಮ್ಮಲ್ಲಿ ಹೆಚ್ಚಿನವರು ಸೇರುವುದು ಸರ್ವಿಸ್ ಬಸ್ಸಿಗೆ, ಅಂದರೆ ರೂಟಿನಲ್ಲಿ ಓಡುವ ಖಾಸಗಿ ಬಸ್ಸಿಗೆ. ಅಲ್ಲಿ ಹಿಂದಿನ ಬಸ್ಸಿನವನ ಮೇಲಿನ ಜಿದ್ದಿಗೆ ಟೈಮಿಂಗ್ ಹಿಡಿಯಲು ಹೋಗಿ ಹಾಕಿಸಿಕೊಂಡ ಒಂದು ಚಲನ್ ಮುಂದೆ ಶಾಲೆಯ ಬಾಗಿಲು ಮುಚ್ಚಿಸುತ್ತದೆ. ಮಾಲೀಕರಿಂದ ಸೇರಿದ, ಬಿಟ್ಟ ತಾರೀಖು ಇರುವ ಅನುಭವ ಪತ್ರವನ್ನು ಬಿಡುವ ದಿನವೇ ಪಡೆಯಿರಿ. ಆಮೇಲೆ ಬಸ್ಸೂ ಮಾರಿರುತ್ತಾರೆ, ಮಾಲೀಕರೂ ಬದಲಾಗಿರುತ್ತಾರೆ. ಬ್ಯಾಡ್ಜ್ (ಪ್ರಯಾಣಿಕರ ಗಾಡಿಯ ಚಾಲಕರಿಗೆ ಆರ್‌ಟಿಒ ಕೊಡುವ ಬಿಲ್ಲೆ) ಮತ್ತು ಪೊಲೀಸ್ ಪರಿಶೀಲನೆಯನ್ನು ಜೊತೆಜೊತೆಗೇ ಮುಗಿಸಿಕೊಳ್ಳಿ.

ಟ್ರಾನ್ಸ್‌ಪೋರ್ಟ್ ಲೈಸೆನ್ಸಿನ ಅವಧಿ ಐದು ವರ್ಷ. ಮೊದಲಿದ್ದ 30 ದಿನದ ರಿಯಾಯಿತಿ ಈಗಿಲ್ಲ, ಅವಧಿ ಮುಗಿದ ಮರುದಿನ ಬಸ್ಸು ತೆಗೆದರೆ ಲೈಸೆನ್ಸ್ ಇಲ್ಲದೆ ಓಡಿಸಿದ ಹಾಗೆಯೇ. ನವೀಕರಣಕ್ಕೆ ಒಂದು ವರ್ಷ ಮೊದಲಿನಿಂದಲೇ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿತೋ, ಮತ್ತೆ ಟೆಸ್ಟ್ ಕೊಡಬೇಕು.