ಲಾಕ್‌ಡೌನ್‌ನಲ್ಲಿ ಶೌಚಾಲಯದ ಕೀಲಿ ತೆಗೆದ ನನ್ನ ಅನುಭವ

2020ರ ಮಾರ್ಚ್ 25ರಂದು ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಾಗ, ಹುಬ್ಬಳ್ಳಿಯ ಚನ್ನಮ್ಮ ವೃತ್ತದಿಂದ ಸ್ವಲ್ಪ ದೂರದಲ್ಲಿ ನಾನು ಗುತ್ತಿಗೆಯ ಮೇಲೆ ನಡೆಸುತ್ತಿದ್ದ ಆರು ಕೋಣೆಗಳ ಸಾರ್ವಜನಿಕ ಶೌಚಾಲಯಕ್ಕೂ ಕೀಲಿ ಬಿತ್ತು. ಸೋಂಕಿನ ಭಯಕ್ಕೆ ಮುಚ್ಚಿದೆವು ಎಂದರೆ ಅದು ಪೂರ್ತಿ ನಿಜವಾಗುವುದಿಲ್ಲ. ಬಸ್ಸು, ರೈಲು ನಿಂತ ಮೇಲೆ ಐದು ರೂಪಾಯಿ ಕೊಟ್ಟು ಒಳಗೆ ಹೋಗುವ ಪ್ರಯಾಣಿಕರೇ ಇರಲಿಲ್ಲ. ಕಾವಲಿನವನ ಪಗಾರ, ಫಿನಾಯಿಲ್, ನೀರಿನ ಟ್ಯಾಂಕರು ಎಲ್ಲವೂ ಆ ಹಣದಲ್ಲೇ ಸಾಗುತ್ತಿದ್ದವು. ಆದರೆ ಅಂಗಡಿಗಳ ಕಟ್ಟೆಯ ಮೇಲೆ ಮಲಗುತ್ತಿದ್ದವರು ಎಲ್ಲಿಗೂ ಹೋಗಿರಲಿಲ್ಲ. ಮೂರನೆಯ ದಿನ ನೋಡಲು ಹೋದಾಗ ಅವರು ನಮ್ಮ ಶೌಚಾಲಯದ ಹಿಂದಿನ ಗೋಡೆಯ ಮಗ್ಗುಲಲ್ಲೇ ಹೊರಕಡೆಗೆ ಕೂತೆದ್ದು ಹೋಗಿದ್ದು ಕಂಡಿತು. ಕೀಲಿಕೈ ನನ್ನ ಕಿಸೆಯಲ್ಲಿತ್ತು. ಅಂದೇ ಬಾಗಿಲು ತೆಗೆದೆ.

ಕೆಲಸದವರ ಓಡಾಟಕ್ಕೆ ಬೇಕಾದ ಪತ್ರ ಕಚೇರಿಯೊಂದರಿಂದ ಕೈಸೇರಲು ಒಂಬತ್ತು ದಿನ ಹಿಡಿಯಿತು. ಅಲ್ಲಿಯತನಕ ಹತ್ತಿರದ ಓಣಿಯಲ್ಲೇ ಇದ್ದ ಇಬ್ಬರು ಸರದಿಯಂತೆ ಕುಳಿತರು. ಅವರ ದಿನಗೂಲಿಯನ್ನು ಪರಿಚಯದ ನಾಲ್ಕು ಜನ ವರ್ತಕರು ವಾರಕ್ಕೊಬ್ಬರಂತೆ ವಹಿಸಿಕೊಂಡರು. ಸೋಪು, ಬ್ಲೀಚಿಂಗ್ ಪುಡಿ ಕೇಳಿದಾಗ ಕೊಡುವವರು ಬಹಳ ಜನ ಸಿಕ್ಕರು. ಕೂಲಿ ಕೊಡುವವರನ್ನು ಹುಡುಕುವುದಕ್ಕೇ ನನ್ನ ಹೆಚ್ಚಿನ ಹೊತ್ತು ಹೋಯಿತು. ಕಾಯುವವರಿಲ್ಲದ ಶೌಚಾಲಯ ಎರಡೇ ದಿನದಲ್ಲಿ ಯಾರೂ ಕಾಲಿಡದಂತಾಗುತ್ತದೆ ಎಂಬುದನ್ನು ಈ ಕೆಲಸದಲ್ಲಿರುವವರಿಗೆ ಹೇಳಬೇಕಾಗಿಲ್ಲ.

ಬಾಗಿಲು ತೆಗೆದು, ಹಣ ಬೇಡವೆಂದು ಹಲಗೆ ಬರೆದು ಹಾಕಿದ ಮೇಲೂ ಮೊದಲ ಎರಡು ದಿನ ಕೆಲವರು ಹೊರಗೇ ನಿಂತು ಹೋಗುತ್ತಿದ್ದರು. ಕಾರಣ ನನಗೆ ತಿಳಿಯಲಿಲ್ಲ. ಕೊನೆಗೆ ಒಬ್ಬ ಅಜ್ಜಿಯನ್ನು ಕೇಳಿದಾಗ, ಎದೆಗೆ ಅವುಚಿಕೊಂಡಿದ್ದ ಗಂಟನ್ನು ತೋರಿಸಿ, "ಬಾಗಿಲಾ ತಗದೀರಿ ಖರೆ, ಇದನ್ನ ಎಲ್ಲಿ ಇಡ್ಲೋ ಯಪ್ಪಾ? ಒಳಗ ಒದ್ದಿ, ಹೊರಗ ಇಟ್ರ ಇರೂದಿಲ್ಲ" ಎಂದಳು. ಅವಳ ಸೀರೆ, ತಾಟು, ಆಧಾರ್ ಕಾರ್ಡು ಎಲ್ಲವೂ ಆ ಗಂಟಿನಲ್ಲಿದ್ದವು. ಇಷ್ಟು ವರ್ಷ ಈ ಕೆಲಸ ಮಾಡಿಯೂ ಇದು ನನಗೆ ಹೊಳೆದಿರಲಿಲ್ಲವಲ್ಲ ಎಂದು ಬಹಳ ನೋವಾಯಿತು. ಮರುದಿನವೇ ಕಾವಲಿನವನ ಕುರ್ಚಿಯ ಎದುರಿಗೆ ಇಟ್ಟಿಗೆಯ ಕಟ್ಟೆ ಕಟ್ಟಿಸಿ, ಪ್ರತಿ ಕೋಣೆಯ ಒಳಗೆ ಎತ್ತರದಲ್ಲಿ ಎರಡೆರಡು ಗೂಟ ಹೊಡೆಸಿದೆ.

ಮೊದಲು ರಾತ್ರಿ ಹತ್ತಕ್ಕೆ ಮುಚ್ಚುತ್ತಿದ್ದೆವು. ಬೀದಿಯಲ್ಲಿರುವ ಹೆಂಗಸರು ಕತ್ತಲಾಗುವವರೆಗೆ ತಡೆದುಕೊಳ್ಳುತ್ತಾರೆ, ಅದಕ್ಕಾಗಿ ನೀರನ್ನೇ ಕಡಿಮೆ ಕುಡಿಯುತ್ತಾರೆ ಎಂಬುದು ಅವರ ಮಾತಿನಿಂದಲೇ ತಿಳಿದ ಮೇಲೆ, ರಾತ್ರಿಗೂ ಒಬ್ಬರನ್ನು ಗೊತ್ತುಮಾಡಿ ಎರಡು ಕೋಣೆಗಳನ್ನು ಹೆಂಗಸರಿಗೇ ಬಿಟ್ಟೆವು. ಅಲ್ಲಿ ಮುಟ್ಟಿನ ಬಟ್ಟೆ ಹಾಕಲು ಮುಚ್ಚಳದ ಡಬ್ಬಿಯೊಂದನ್ನು ಇಟ್ಟ ನಂತರ ಅದು ಸಿಕ್ಕಿಕೊಂಡು ಪೈಪು ಕಟ್ಟುವುದು ನಿಂತಿತು.

ಸ್ವಚ್ಛತೆಗೆ ಒಂದು ಪ್ರತಿಶತ ಕ್ಲೋರಿನ್ ದ್ರಾವಣ ಬಳಸಿದೆವು. ಶೇಕಡಾ 30ರಷ್ಟು ಕ್ಲೋರಿನ್ ಇರುವ ಬ್ಲೀಚಿಂಗ್ ಪುಡಿಯಾದರೆ ಒಂದು ಲೀಟರಿಗೆ ಸುಮಾರು 33 ಗ್ರಾಂ, ಅಂದರೆ ಹತ್ತು ಲೀಟರಿನ ಬಕೆಟ್ಟಿಗೆ 330 ಗ್ರಾಂ ಬೇಕು. ಕಲಸಿ, ತಳದಲ್ಲಿ ಗಸಿ ನಿಂತ ಮೇಲೆ ಮೇಲಿನ ತಿಳಿಯನ್ನಷ್ಟೇ ತೆಗೆದುಕೊಂಡು, ನೆಲ, ಚಿಲಕ, ನಳದ ತಿರುಗಣೆಗಳಿಗೆ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ದಿನವೂ ಹೊಸದಾಗಿ ಮಾಡಿಕೊಳ್ಳಬೇಕು, ಏಕೆಂದರೆ ನಿಂತರೆ ಅದರ ಬಲ ಇಳಿಯುತ್ತದೆ. ಒಮ್ಮೆ ನಮ್ಮ ಹುಡುಗ ಆ್ಯಸಿಡ್ ಹಾಕಿ ತಿಕ್ಕಿದ ಜಾಗದ ಮೇಲೆಯೇ ಈ ನೀರು ಸುರಿದ. ಕ್ಲೋರಿನ್ ಅನಿಲ ಎದ್ದು ಕೆಮ್ಮುತ್ತ ಹೊರಗೆ ಓಡಿಬಂದ. ನಾನು ಮೊದಲೇ ಹೇಳಿಕೊಡಬೇಕಿತ್ತು. ಅಂದಿನಿಂದ ಆ್ಯಸಿಡ್ ತರಿಸುವುದನ್ನೇ ಬಿಟ್ಟೆ.

ಕೈ ತೊಳೆಯಲು ಇಟ್ಟ ಸೋಪು ದಿನವೂ ಮಾಯವಾಗುತ್ತಿತ್ತು. ಅದನ್ನು ಕಳವು ಎಂದು ಕರೆಯಲು ನನಗೆ ಮನಸ್ಸಾಗಲಿಲ್ಲ. ಮೈ, ಬಟ್ಟೆ ತೊಳೆಯಲು ಅವರಿಗೂ ಸೋಪು ಬೇಕಲ್ಲವೇ. ಬಾರ್ ಸೋಪನ್ನು ತುಂಡು ಮಾಡಿ ಬಂದವರ ಕೈಗೆ ಕೊಡತೊಡಗಿದೆವು, ಮುಂಜಾನೆ ಏಳರಿಂದ ಒಂಬತ್ತರವರೆಗೆ ಸ್ನಾನಕ್ಕೆ ಬಿಟ್ಟೆವು.

ಮೇ ತಿಂಗಳ ಕೊನೆಯ ಹೊತ್ತಿಗೆ ಬಸ್ಸುಗಳು ಮತ್ತೆ ಓಡತೊಡಗಿ ಐದು ರೂಪಾಯಿಯ ಗಿರಾಕಿಗಳು ಬಂದರು. ಗಂಟು ಹೊತ್ತು ಬರುವವರಿಂದ ಹಣ ಕೇಳಬಾರದೆಂದು ಕಾವಲಿನವನಿಗೆ ಹೇಳಿದೆ. 2021ರ ಏಪ್ರಿಲ್ 27ರ ರಾತ್ರಿ ರಾಜ್ಯದಲ್ಲಿ ಮತ್ತೆ ಕರ್ಫ್ಯೂ ಬಿದ್ದಾಗ ಕಟ್ಟೆ, ಗೂಟ ಇದ್ದಲ್ಲೇ ಇದ್ದವು; ನಾನು ಮಾಡಬೇಕಾಗಿದ್ದ ಮೊದಲ ಕೆಲಸ, ಆ ನಾಲ್ಕು ಜನ ವರ್ತಕರಿಗೆ ಫೋನ್ ಮಾಡುವುದಾಗಿತ್ತು.