ನಿಯಮ ಆಗುವ ಮೊದಲೇ ಮಾತಾಡಿ: ಎಚ್‌ಒಎ ಮುಂದೆ ನಿಮ್ಮ ಅಭಿಪ್ರಾಯ ಇಡುವುದು ಹೇಗೆ?

ಕ್ಯಾಲಿಫೋರ್ನಿಯಾದ ನಮ್ಮ ಟೌನ್‌ಹೋಮ್ ಬಡಾವಣೆಯಲ್ಲಿ ಒಂದು ಸಂಜೆ ಪಕ್ಕದ ಮನೆಯವರು ಕೈಯಲ್ಲೊಂದು ಕಾಗದ ಹಿಡಿದು ಬಂದರು. ಮುಂಬಾಗಿಲ ಆಚೆ ಯಾವ ಸಾಮಾನನ್ನೂ ಇಡಕೂಡದು ಎಂದು ನಮ್ಮ ಮನೆಮಾಲೀಕರ ಸಂಘ, ಎಂದರೆ ಎಚ್‌ಒಎ, ತರಹೊರಟ ಹೊಸ ನಿಯಮದ ಕರಡು ಅದು. ಚಪ್ಪಲಿ ಸ್ಟ್ಯಾಂಡ್, ಮಕ್ಕಳ ಸೈಕಲ್, ತುಳಸಿ ಕುಂಡ ಎಲ್ಲವೂ ಅದರೊಳಗೆ ಬರುತ್ತಿತ್ತು. ಅದೇ ಪತ್ರ ನಮ್ಮ ಮನೆಗೂ ಬಂದಿತ್ತು. ಎಚ್‌ಒಎಯ ಲಕೋಟೆ ಎಂದರೆ ತಿಂಗಳ ಶುಲ್ಕದ ಬಿಲ್ ಎಂದುಕೊಂಡು ನಾನು ಒಡೆದೇ ಇರಲಿಲ್ಲ. ಅಭಿಪ್ರಾಯ ತಿಳಿಸಲು ಇದ್ದ 28 ದಿನಗಳಲ್ಲಿ 11 ದಿನ ಆಗಲೇ ಕಳೆದುಹೋಗಿದ್ದವು.

ಉಳಿದ 17 ದಿನಗಳಲ್ಲಿ ಕಲಿತದ್ದನ್ನು, ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಮೆರಿಕದಲ್ಲಿ 7 ಕೋಟಿಗೂ ಹೆಚ್ಚು ಜನ ಇಂಥ ಮನೆಮಾಲೀಕರ ಸಂಘಗಳ ವ್ಯಾಪ್ತಿಯಲ್ಲಿ ಬದುಕುತ್ತಾರೆ. ಅಲ್ಲಿ ಮನೆ ಕೊಂಡ ಕನ್ನಡದ ಕುಟುಂಬಗಳೂ ಕಡಿಮೆಯೇನಿಲ್ಲ. ಮನೆ ಕೊಂಡ ದಿನವೇ ಸದಸ್ಯತ್ವ ಅಂಟಿಕೊಳ್ಳುತ್ತದೆ, ಬೇಡ ಎನ್ನುವಂತಿಲ್ಲ. ಆದರೆ ಸಂಘದ ಬೋರ್ಡ್ ಎಂದರೆ ಸರ್ಕಾರವಲ್ಲ. ನಮ್ಮ ಹಾಗೆಯೇ ಕೆಲಸ ಮುಗಿಸಿ ಬಂದು, ಸಂಬಳವಿಲ್ಲದೆ ಸಂಜೆ ಸಭೆಗೆ ಕೂರುವ ನಾಲ್ಕೈದು ನೆರೆಹೊರೆಯವರು. ಅವರ ಮುಂದೆ ಯಾರೂ ಬಾಯಿ ಬಿಡದಿದ್ದರೆ, ಕರಡು ಹೇಗಿದೆಯೋ ಹಾಗೆಯೇ ನಿಯಮವಾಗುತ್ತದೆ.

ಮೊದಲು, ಆ ನಿಯಮ ಯಾವ ಕಾಗದದಲ್ಲಿದೆ ನೋಡಿ

ಎಲ್ಲರೂ ‘ಎಚ್‌ಒಎ ರೂಲ್ಸ್’ ಎಂದು ಒಟ್ಟಾಗಿ ಹೇಳುವುದು ನಿಜವಾಗಿ ಮೂರು ಬೇರೆ ಕಾಗದಗಳು. ಸಿಸಿ ಅಂಡ್ ಆರ್ ಎಂದು ಕರೆಯುವ, ಬಡಾವಣೆಯ ಷರತ್ತುಗಳಿರುವ ಮೂಲ ದಾಖಲೆ ಕೌಂಟಿ (ನಮ್ಮ ಜಿಲ್ಲೆಯಂಥದು) ಕಚೇರಿಯಲ್ಲಿ ನೋಂದಣಿಯಾಗಿರುತ್ತದೆ. ಅದನ್ನು ಬದಲಿಸಲು ಮಾಲೀಕರ ಮತ ಬೇಕು, ಬಹಳ ಕಡೆ ಮೂರನೇ ಎರಡರಷ್ಟು ಅಥವಾ ಅದಕ್ಕೂ ಹೆಚ್ಚು. ಬೈಲಾದಲ್ಲಿ ಚುನಾವಣೆ, ಸಭೆ, ಕೋರಂ ಇತ್ಯಾದಿ ಇರುತ್ತವೆ. ಮೂರನೆಯದು ಬೋರ್ಡ್ ತಾನೇ ಮಾಡಬಹುದಾದ ದಿನಬಳಕೆಯ ನಿಯಮಗಳು: ಪಾರ್ಕಿಂಗ್, ಈಜುಕೊಳದ ಸಮಯ, ಬಣ್ಣ, ಬೇಲಿ, ಕಸದ ಡಬ್ಬಿ ಎಲ್ಲಿಡಬೇಕು ಎಂಬುದು. ಈ ಮೂರರ ಮೇಲೆ ರಾಜ್ಯದ ಕಾನೂನು, ಅದರ ಮೇಲೆ ಒಕ್ಕೂಟದ, ಎಂದರೆ ಕೇಂದ್ರ ಸರ್ಕಾರದ, ಕಾನೂನು. ಕೆಳಗಿನದು ಮೇಲಿನದನ್ನು ಮೀರುವಂತಿಲ್ಲ.

ಈ ವ್ಯತ್ಯಾಸ ಎಷ್ಟು ಮುಖ್ಯ ಎಂಬುದಕ್ಕೆ 1994ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪೊಂದು ಇದೆ. ಕಲ್ವರ್ ಸಿಟಿಯ ಕಾಂಡೊ ಸಮುಚ್ಚಯದಲ್ಲಿ ಒಬ್ಬ ಮಾಲೀಕರು ಮನೆಯೊಳಗೇ ಮೂರು ಬೆಕ್ಕು ಸಾಕಿಕೊಂಡಿದ್ದರು. ಯಾರಿಗೂ ತೊಂದರೆಯಿಲ್ಲ ಎಂದು ಅವರು ವಾದಿಸಿದರು. ಸಾಕುಪ್ರಾಣಿ ನಿಷೇಧ ಇದ್ದದ್ದು ನೋಂದಾಯಿತ ಮೂಲ ದಾಖಲೆಯಲ್ಲಿ. ಅಂಥ ನಿರ್ಬಂಧವನ್ನು ಮೊದಲಿಗೆ ಸಮಂಜಸವೆಂದೇ ಭಾವಿಸಬೇಕು, ಅಲ್ಲ ಎಂದು ತೋರಿಸುವ ಹೊಣೆ ವಿರೋಧಿಸುವವರದು ಎಂದಿತು ಕೋರ್ಟ್. ಬೋರ್ಡ್ ಮಾಡುವ ದಿನಬಳಕೆಯ ನಿಯಮಕ್ಕೆ ಇಷ್ಟು ಗಟ್ಟಿ ರಕ್ಷಣೆ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅದು ಲಿಖಿತವಾಗಿರಬೇಕು, ಬೋರ್ಡಿನ ಅಧಿಕಾರದೊಳಗೆ ಇರಬೇಕು, ಸರಿಯಾದ ಕ್ರಮದಲ್ಲಿ ಸದುದ್ದೇಶದಿಂದ ಆಗಿರಬೇಕು, ಸಮಂಜಸವಾಗಿರಬೇಕು. ನಮ್ಮ ಚಪ್ಪಲಿ ನಿಯಮ ಈ ಮೂರನೆಯ ಜಾತಿಯದು ಎಂದು ಗೊತ್ತಾದಾಗ ಸ್ವಲ್ಪ ಧೈರ್ಯ ಬಂತು.

ಹಳೆಯ ಬಡಾವಣೆಯ ಮೂಲ ದಾಖಲೆ ತೆಗೆದು ಓದುವವರಿಗೆ ಒಂದು ಮಾತು. ಇಂಥ ಜನಾಂಗದವರಿಗೆ ಮನೆ ಮಾರಕೂಡದು ಎಂಬ ಸಾಲು ಕಣ್ಣಿಗೆ ಬಿದ್ದರೆ ಎದೆ ಧಸಕ್ಕೆನ್ನುತ್ತದೆ. ಅಂಥ ಷರತ್ತನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1948ರಲ್ಲೇ ಹೇಳಿದೆ. 1968ರ ಫೇರ್ ಹೌಸಿಂಗ್ ಕಾಯ್ದೆಯ ಪ್ರಕಾರ ಆ ತಾರತಮ್ಯವೇ ಕಾನೂನುಬಾಹಿರ. ಕಾಗದದಲ್ಲಿ ಉಳಿದ ಆ ಸಾಲನ್ನು ಹೊಡೆದುಹಾಕಿಸಲು ಕ್ಯಾಲಿಫೋರ್ನಿಯಾದಲ್ಲಿ ಕೌಂಟಿ ಕಚೇರಿಯಲ್ಲೇ ವ್ಯವಸ್ಥೆ ಇದೆ. ದಯವಿಟ್ಟು ಹೊಡೆದುಹಾಕಿಸಿ.

ನೋಟಿಸ್ ತಪ್ಪಿಸಿಕೊಳ್ಳದಂತೆ ನೋಡಿಕೊಳ್ಳಿ

ಕ್ಯಾಲಿಫೋರ್ನಿಯಾದಲ್ಲಿ ಬೋರ್ಡ್ ಇಂಥ ನಿಯಮ ಬದಲಿಸುವ ಮುನ್ನ ಕನಿಷ್ಠ 28 ದಿನ ಮೊದಲು ಸದಸ್ಯರಿಗೆ ತಿಳಿಸಬೇಕು. ನೋಟಿಸಿನಲ್ಲಿ ನಿಯಮದ ಪೂರ್ತಿ ಪಠ್ಯ ಇರಬೇಕು, ಅದರ ಉದ್ದೇಶವೇನು, ಪರಿಣಾಮವೇನು ಎಂಬುದೂ ಇರಬೇಕು. ಫ್ಲೋರಿಡಾದಲ್ಲಿ ಮನೆ-ನಿವೇಶನದ ಬಳಕೆಯ ನಿಯಮ ಚರ್ಚೆಗೆ ಬರುವ ಸಭೆಗೆ 14 ದಿನದ ಮುನ್ಸೂಚನೆ. ಟೆಕ್ಸಾಸ್‌ನಲ್ಲಿ ಬೋರ್ಡಿನ ಸಾಮಾನ್ಯ ಸಭೆಗೆ 144 ಗಂಟೆ, ಎಂದರೆ ಆರು ದಿನ. ರಾಜ್ಯ ಬದಲಾದರೆ ಲೆಕ್ಕ ಬದಲಾಗುತ್ತದೆ. ನಿಮ್ಮ ರಾಜ್ಯದ್ದನ್ನು ಇವತ್ತೇ ನೋಡಿ ಬರೆದಿಟ್ಟುಕೊಳ್ಳಿ.

ನೋಟಿಸ್ ಮನೆಗೇ ಬರುತ್ತದೆ ಎಂದೂ ನಂಬಿ ಕೂರಬೇಡಿ. ಕ್ಲಬ್‌ಹೌಸಿನ ಫಲಕಕ್ಕೆ ಅಂಟಿಸಿದರೆ, ಬಿಲ್ಲಿನ ಜೊತೆ ಸೇರಿಸಿದರೆ ಸಾಕು ಎನ್ನುವ ಅವಕಾಶ ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿದೆ. ಅದಕ್ಕೆ ಪರಿಹಾರವೂ ಅಲ್ಲೇ ಇದೆ: ಎಲ್ಲ ನೋಟಿಸುಗಳನ್ನೂ ನನ್ನ ಹೆಸರಿಗೇ ಕಳಿಸಿ ಎಂದು ಬರೆದು ಕೇಳಿದರೆ ಹಾಗೆಯೇ ಕಳಿಸಬೇಕು. ಎರಡು ಸಾಲಿನ ಪತ್ರ ಸಾಕು. ಈ ಲೇಖನದಿಂದ ಒಂದೇ ಕೆಲಸ ಮಾಡುವುದಾದರೆ ಇದನ್ನು ಮಾಡಿ.

ಬೋರ್ಡ್ ಕೈಹಾಕಲಾಗದ ವಿಷಯವೇ?

ಕೆಲವು ಸಂಗತಿಗಳನ್ನು ಕಾನೂನು ಮೊದಲೇ ಕಾಪಾಡಿದೆ. ಒಂದು ಮೀಟರ್ ವ್ಯಾಸದೊಳಗಿನ ಟಿವಿ ಡಿಶ್ಶನ್ನು ನಿಮ್ಮದೇ ಬಳಕೆಯ ಜಾಗದಲ್ಲಿ ಹಾಕಿಕೊಳ್ಳಲು ಅಮೆರಿಕದ ಸಂಪರ್ಕ ಆಯೋಗ ಎಫ್‌ಸಿಸಿಯ 1996ರ ನಿಯಮ ಬೆಂಬಲಕ್ಕಿದೆ. ಅಮೆರಿಕದ ಧ್ವಜ ಹಾರಿಸುವುದಕ್ಕೆ 2005ರ ಕಾಯ್ದೆ ಇದೆ. ಮಕ್ಕಳಿರುವ ಕುಟುಂಬಗಳನ್ನೇ ಗುರಿಯಾಗಿಸುವ ನಿಯಮಗಳಿಗೆ 1988ರ ತಿದ್ದುಪಡಿಯ ನಂತರ ಫೇರ್ ಹೌಸಿಂಗ್ ಕಾಯ್ದೆ ಅಡ್ಡ ನಿಲ್ಲುತ್ತದೆ, 55 ದಾಟಿದವರಿಗೆಂದೇ ಇರುವ ಬಡಾವಣೆಗಳಿಗೆ ಮಾತ್ರ ವಿನಾಯಿತಿ. ಸೋಲಾರ್ ಫಲಕದ ಮೇಲೆ ಕ್ಯಾಲಿಫೋರ್ನಿಯಾದ ಸಂಘ ಷರತ್ತು ಹಾಕಬಹುದು, ಆದರೆ ಅದರಿಂದ ಖರ್ಚು 1,000 ಡಾಲರಿಗಿಂತ ಜಾಸ್ತಿಯಾಗಬಾರದು, ವಿದ್ಯುತ್ ಉತ್ಪಾದನೆ ಶೇ 10ಕ್ಕಿಂತ ಹೆಚ್ಚು ತಗ್ಗಬಾರದು. ನೀರು ಕಡಿಮೆ ಬೇಡುವ ಗಿಡ ಹಾಕಿದ್ದಕ್ಕೆ ಆಕ್ಷೇಪಿಸುವಂತೆಯೂ ಇಲ್ಲ.

ನಮ್ಮವರು ಹೆಚ್ಚು ಕೇಳುವುದು ಬಾಗಿಲ ತೋರಣದ ಬಗ್ಗೆ. ಕ್ಯಾಲಿಫೋರ್ನಿಯಾದಲ್ಲಿ 2020ರಿಂದ, ಧಾರ್ಮಿಕ ನಂಬಿಕೆಯಿಂದ ಮುಂಬಾಗಿಲಿಗೆ ಅಥವಾ ಅದರ ಚೌಕಟ್ಟಿಗೆ ಕಟ್ಟುವ ವಸ್ತುವನ್ನು ಸಂಘ ತಡೆಯುವಂತಿಲ್ಲ. ಒಟ್ಟು ಅಳತೆ 36 ಇಂಚು ಉದ್ದ, 12 ಇಂಚು ಅಗಲ ಮೀರಬಾರದು, ಬಾಗಿಲು ತೆಗೆದು ಹಾಕಲು ಅಡ್ಡಿಯಾಗಬಾರದು. ಅಲ್ಲಿನ ಮುಂಬಾಗಿಲು ಸಾಮಾನ್ಯವಾಗಿ 36 ಇಂಚೇ ಅಗಲ, ಮಾವಿನೆಲೆಯ ತೋರಣ ಅಳತೆಗೆ ಸರಿಯಾಗಿ ಕೂರುತ್ತದೆ. ಟೆಕ್ಸಾಸ್‌ನಲ್ಲೂ 2011ರಿಂದ ಇಂಥದೇ ರಕ್ಷಣೆ ಇದೆ. ಆದರೆ ಕ್ಯಾಲಿಫೋರ್ನಿಯಾದ ಕಾನೂನು ಬಾಗಿಲಿಗೂ ಚೌಕಟ್ಟಿಗೂ ಮಾತ್ರ. ಹೊಸ್ತಿಲಾಚೆಯ ರಂಗೋಲಿ, ತುಳಸಿ ಕುಂಡ ಅದರೊಳಗೆ ಬರುವುದಿಲ್ಲ. ಚಪ್ಪಲಿಯಂತೂ ಬರುವುದೇ ಇಲ್ಲ. ಹಾಗಾಗಿ ನಮಗೆ ಉಳಿದದ್ದು ಮಾತಾಡಿ ಒಪ್ಪಿಸುವ ದಾರಿ.

ಅಕ್ಕಪಕ್ಕದವರ ಬಾಗಿಲು ತಟ್ಟಿ

ಹೊರದೇಶದಿಂದ ಬಂದ ನಮ್ಮಂಥವರು ಹಿಂಜರಿಯುವುದು ಇಲ್ಲೇ. ಸಹಿ ಸಂಗ್ರಹಕ್ಕೆ ಹೊರಟರೆ ಜಗಳಗಂಟರು ಎಂದುಕೊಂಡಾರು ಎಂಬ ಅಳುಕು. ಕ್ಯಾಲಿಫೋರ್ನಿಯಾದಲ್ಲಿ ಸದಸ್ಯರು ಸೂಕ್ತ ಹೊತ್ತಿನಲ್ಲಿ ಮನೆಮನೆಗೆ ಹೋಗಿ ಸಂಘದ ವಿಷಯ ಮಾತಾಡಬಹುದು, ಸಹಿ ಕೇಳಬಹುದು, ಕ್ಲಬ್‌ಹೌಸ್ ಖಾಲಿ ಇದ್ದರೆ ಬಾಡಿಗೆ ಕೊಡದೆ ಅಲ್ಲಿ ಸಭೆ ಸೇರಬಹುದು. ಅದು ಕಾನೂನು ಕೊಟ್ಟ ಹಕ್ಕು.

ನಾವು ಇಬ್ಬರು ಎರಡು ಸಂಜೆ ಹೀಗೆ ಹೋದೆವು. ಚಪ್ಪಲಿ ಹೊರಗೆ ಬಿಡುವವರು ನಾವಷ್ಟೇ ಅಲ್ಲ ಎಂದು ಮೊದಲ ಸಾಲಿನ ಮನೆಗಳಲ್ಲೇ ತಿಳಿಯಿತು. ಕೊರಿಯಾದ ಕುಟುಂಬವೊಂದಿತ್ತು, ಜಪಾನಿನದೊಂದಿತ್ತು. ಮಳೆಗಾಲದಲ್ಲಿ ಕೆಸರಿನ ಬೂಟು ಹೊರಗಿಡುವ ತೋಟಗಾರಿಕೆಯ ಹುಚ್ಚಿನ ದಂಪತಿಯೂ ಇದ್ದರು. ಆದರೆ ನನ್ನ ಯೋಚನೆಯನ್ನೇ ಬದಲಿಸಿದ್ದು ಮೂಲೆಮನೆಯ ಅಜ್ಜ. ಅವರು ವಾಕರ್ ಹಿಡಿದು ನಡೆಯುವವರು. ನಮ್ಮ ಸಾಲಿನ ಮೆಟ್ಟಿಲ ಪಕ್ಕದ ಕಾಲುದಾರಿ ಕಿರಿದು. ಯಾರದೋ ಮನೆಯ ಮುಂದೆ ಹರಡಿದ್ದ ಶೂಗಳನ್ನು ದಾಟಲು ಹೋಗಿ ಅವರು ಒಮ್ಮೆ ಬಿದ್ದಿದ್ದರು. ದೂರು ಕೊಟ್ಟಿದ್ದು ಅವರ ಮಗಳು, ನಿಯಮ ಹುಟ್ಟಿದ್ದು ಅಲ್ಲಿಂದ. ಬಡಾವಣೆಯ ಅಂದ ಕಾಪಾಡಲು ಎಂದು ನೋಟಿಸಿನಲ್ಲಿ ಬರೆದಿದ್ದನ್ನು ಓದಿ, ನಮ್ಮ ರೂಢಿ ಇವರಿಗೆ ಅಸಹ್ಯವೇ ಎಂದು ನಾನು ನೊಂದುಕೊಂಡಿದ್ದೆ. ಅಜ್ಜನ ಮನೆಯಲ್ಲಿ ಹತ್ತು ನಿಮಿಷ ಕೂತು ಎದ್ದಾಗ ಆ ನೋವು ಹೋಗಿತ್ತು, ಪತ್ರದಲ್ಲಿ ಏನು ಬರೆಯಬೇಕು ಎಂಬುದೂ ಹೊಳೆದಿತ್ತು. ನಿಯಮ ಬೇಕು ಎನ್ನುವವರ ಮನೆಗೆ ಮೊದಲು ಹೋಗಿ ಎಂದು ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ಪತ್ರದಲ್ಲಿ ಬದಲಿ ಪಠ್ಯ ಕೊಡಿ

ಇದು ಅನ್ಯಾಯ, ಇದನ್ನು ವಿರೋಧಿಸುತ್ತೇವೆ ಎಂದಷ್ಟೇ ಬರೆದ ಪತ್ರ ಕೈಗೆ ಬಂದರೆ ಬೋರ್ಡ್ ಏನು ಮಾಡಬೇಕು? ನಿಯಮವನ್ನು ಪೂರ್ತಿ ಕೈಬಿಡಬೇಕು, ಇಲ್ಲವೇ ಪತ್ರವನ್ನು ಪಕ್ಕಕ್ಕಿಡಬೇಕು. ಎರಡನೆಯದೇ ಸುಲಭ. ಅದೇ ನೀವು ತಿದ್ದಿದ ವಾಕ್ಯವನ್ನೇ ಬರೆದು ಕೊಟ್ಟರೆ ಅವರ ಕೆಲಸ ಅರ್ಧ ಮುಗಿದ ಹಾಗೆ.

ನಮ್ಮ ಪತ್ರ ಒಂದು ಪುಟ. ಮೊದಲ ಸಾಲಿನಲ್ಲಿ ಕರಡಿನ ಸಂಖ್ಯೆ, ನೋಟಿಸಿನ ದಿನಾಂಕ. ಆಮೇಲೆ, ಕಾಲುದಾರಿ ತೆರವಾಗಿರಬೇಕು ಎಂಬ ಉದ್ದೇಶವನ್ನು ನಾವೂ ಒಪ್ಪುತ್ತೇವೆ ಎಂಬ ಮಾತು. ಮೂರನೆಯದಾಗಿ ನಮ್ಮ ಬದಲಿ ಪಠ್ಯ: ‘ಪ್ರತಿ ಮನೆಯವರು ಮುಂಬಾಗಿಲ ಪಕ್ಕದ ಗೋಡೆಗೆ ತಾಗಿಸಿ ಮುಚ್ಚಳವಿರುವ ಒಂದು ಚಪ್ಪಲಿ ಪೆಟ್ಟಿಗೆ ಇಡಬಹುದು. ಕಾಲುದಾರಿಯಲ್ಲಿ ಕನಿಷ್ಠ 36 ಇಂಚು ಜಾಗ ಸದಾ ತೆರವಿರಬೇಕು. ಬಿಡಿ ಚಪ್ಪಲಿ, ಆಟಿಕೆ ದಾರಿಯಲ್ಲಿ ಬಿಡುವಂತಿಲ್ಲ.’ ಗಾಲಿಕುರ್ಚಿ ಸಾಗುವ ದಾರಿಗೆ ಎಡಿಎ (ಅಮೆರಿಕದ ಅಂಗವಿಕಲರ ಹಕ್ಕಿನ ಕಾಯ್ದೆ) ಮಾನದಂಡ ಹೇಳುವ ಕನಿಷ್ಠ ಅಗಲವೂ 36 ಇಂಚೇ, ಅದನ್ನು ಒಂದು ಸಾಲಿನಲ್ಲಿ ಸೇರಿಸಿದೆವು. ಅಳತೆ ಟೇಪು ಹಿಡಿದು ತೆಗೆದ ಎರಡು ಫೋಟೊ ಲಗತ್ತಿಸಿದೆವು. ಕೆಳಗೆ 23 ಮನೆಗಳ ಸಹಿ, ಅವುಗಳಲ್ಲೊಂದು ಆ ಅಜ್ಜನದು.

ಪತ್ರವನ್ನು, ಸಂಘದ ದಿನನಿತ್ಯದ ಕೆಲಸ ನೋಡುವ ಮ್ಯಾನೇಜ್‌ಮೆಂಟ್ ಕಂಪನಿಗೆ ಇಮೇಲಿನಲ್ಲಿ ಕಳಿಸಿ, ಎಲ್ಲ ಬೋರ್ಡ್ ಸದಸ್ಯರಿಗೂ ತಲುಪಿಸಿ ಎಂದು ಕೇಳಿ, ತಲುಪಿದೆ ಎಂಬ ಉತ್ತರ ಬರುವವರೆಗೂ ಬಿಡಬೇಡಿ.

ಸಭೆಯಲ್ಲಿ

ಕ್ಯಾಲಿಫೋರ್ನಿಯಾದಲ್ಲಿ ಬೋರ್ಡ್ ಸಭೆಗೆ ನಾಲ್ಕು ದಿನ ಮೊದಲು ಅಜೆಂಡಾ ಸಮೇತ ಸೂಚನೆ ಬರಬೇಕು. ಗೋಪ್ಯ ಭಾಗ ಬಿಟ್ಟರೆ ಯಾವ ಸದಸ್ಯರಾದರೂ ಕೂರಬಹುದು, ಮಾತಾಡಬಹುದು. ಸಮಯದ ಮಿತಿ ಇರುತ್ತದೆ, ನಮ್ಮಲ್ಲಿ ತಲಾ ಮೂರು ನಿಮಿಷ. ಅಜೆಂಡಾದಲ್ಲಿ ಇಲ್ಲದ ವಿಷಯದ ಮೇಲೆ ತುರ್ತು ಸಂದರ್ಭ ಬಿಟ್ಟರೆ ಬೋರ್ಡ್ ತೀರ್ಮಾನಿಸುವಂತಿಲ್ಲ, ಆದ್ದರಿಂದ ನಿಮ್ಮ ವಿಷಯ ಅದರಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಒಂದೇ ಮಾತನ್ನು ಎಂಟು ಜನ ಹೇಳುವ ಬದಲು ಹಂಚಿಕೊಳ್ಳಿ. ನಮ್ಮಲ್ಲಿ ಒಬ್ಬರು ಪಠ್ಯ ಓದಿದರು, ಒಬ್ಬರು ಫೋಟೊ ತೋರಿಸಿದರು, ಅಜ್ಜನ ಮಗಳು ತಂದೆ ಬಿದ್ದ ಸಂಗತಿ ಹೇಳಿ ಬದಲಿ ಪಠ್ಯ ತಮಗೆ ಒಪ್ಪಿಗೆ ಎಂದರು. ಆಮೇಲೆ ಹೆಚ್ಚು ಚರ್ಚೆಯೇ ನಡೆಯಲಿಲ್ಲ.

ಇಂಗ್ಲಿಷಿನಲ್ಲಿ ಸಭೆಯಲ್ಲಿ ಮಾತಾಡಲು ಮುಜುಗರವಾದರೆ ಬರೆದುಕೊಂಡು ಹೋಗಿ ಓದಿ. ಯಾರೂ ತಪ್ಪು ತಿಳಿಯುವುದಿಲ್ಲ.

ಆದರೂ ನಿಯಮ ಜಾರಿಯಾದರೆ

ಕ್ಯಾಲಿಫೋರ್ನಿಯಾದ ಬೋರ್ಡ್ ತೀರ್ಮಾನದ 15 ದಿನದೊಳಗೆ ಸದಸ್ಯರಿಗೆ ತಿಳಿಸಬೇಕು. ಆ ತಿಳಿವಳಿಕೆ ಬಂದ 30 ದಿನದೊಳಗೆ ಶೇ 5ರಷ್ಟು ಮನೆಗಳ ಮಾಲೀಕರು ಬರೆದು ಕೇಳಿದರೆ, ನಿಯಮ ರದ್ದುಮಾಡಲು ಎಲ್ಲ ಸದಸ್ಯರ ಮತದಾನ ನಡೆಸಲೇಬೇಕು. 140 ಮನೆಗಳ ಬಡಾವಣೆಯಲ್ಲಿ ಅದು ಬರೀ 7 ಮನೆ. ಕೋರಂ ತುಂಬಿದ ಮತದಾನದಲ್ಲಿ ಬಹುಮತ ಬಂದರೆ ನಿಯಮ ಬಿದ್ದುಹೋಗುತ್ತದೆ, ಬೋರ್ಡ್ ಅದನ್ನು ಒಂದು ವರ್ಷ ಮತ್ತೆ ತರುವಂತಿಲ್ಲ. ತುರ್ತು ಎಂದು ನೋಟಿಸಿಲ್ಲದೆ ಮಾಡಿದ ನಿಯಮದ ಆಯುಸ್ಸು ಹೆಚ್ಚೆಂದರೆ 120 ದಿನ. ಫ್ಲೋರಿಡಾದಲ್ಲಿ ದಾರಿ ಬೇರೆ: ಶೇ 20ರಷ್ಟು ಮತದಾರರು ಅರ್ಜಿ ಕೊಟ್ಟರೆ 60 ದಿನದೊಳಗೆ ಬೋರ್ಡ್ ಆ ವಿಷಯವನ್ನು ಸಭೆಗೆ ತರಬೇಕು.

ದಂಡದ ನೋಟಿಸ್ ಬಂದರೆ ಸುಮ್ಮನೆ ಕಟ್ಟಿಬಿಡಬೇಡಿ. ಕ್ಯಾಲಿಫೋರ್ನಿಯಾದಲ್ಲಿ ವಿಚಾರಣೆಗೆ 10 ದಿನ ಮೊದಲು ತಿಳಿಸಬೇಕು, ನಿಮ್ಮ ಮಾತು ಕೇಳಬೇಕು. 2025ರ ಜುಲೈನಿಂದ, ಆರೋಗ್ಯ ಮತ್ತು ಸುರಕ್ಷತೆಗೆ ಧಕ್ಕೆ ತರುವ ಉಲ್ಲಂಘನೆ ಬಿಟ್ಟರೆ ದಂಡ 100 ಡಾಲರ್ ಮೀರುವಂತಿಲ್ಲ. ವಿಚಾರಣೆಗೆ ಮೊದಲೇ ತಪ್ಪು ಸರಿಪಡಿಸಿದರೆ ದಂಡವೇ ಇಲ್ಲ.

ಗೆದ್ದರೂ ಒಂದು ಕೆಲಸ ಬಾಕಿ ಇರುತ್ತದೆ. ಸಭೆಯ ನಡಾವಳಿ, ಕರಡು ರೂಪದಲ್ಲಾದರೂ, 30 ದಿನದೊಳಗೆ ಸಿಗಬೇಕು. ಅದನ್ನು ತರಿಸಿ ನಿಯಮದ ಅಂತಿಮ ಪಠ್ಯದ ಜೊತೆ ಸಾಲುಸಾಲಾಗಿ ಹೋಲಿಸಿ. ನಮ್ಮಲ್ಲಿ ಟೈಪ್ ಮಾಡಿದವರು ‘ಮುಚ್ಚಳವಿರುವ’ ಎಂಬ ಪದ ಬಿಟ್ಟಿದ್ದರು. ಹಾಗೇ ಇದ್ದಿದ್ದರೆ ತೆರೆದ ಸ್ಟ್ಯಾಂಡುಗಳು, ಅವುಗಳಿಂದ ಜಾರಿ ಬೀಳುವ ಶೂಗಳು ಮತ್ತೆ ಅಜ್ಜನ ದಾರಿಗೆ ಬರುತ್ತಿದ್ದವು. ಪದ ತಪ್ಪಿದ್ದನ್ನು ಮೊದಲು ಕಂಡವರು ಅಜ್ಜನ ಮಗಳು. ಇಬ್ಬರೂ ಸೇರಿ ಮ್ಯಾನೇಜರಿಗೆ ಬರೆದೆವು, ಮುಂದಿನ ಸಭೆಯಲ್ಲಿ ತಿದ್ದಿಸಿದೆವು.